ವಾಲಿಯ ಪ್ರಶ್ನೆಗೆ ಎಷ್ಟು ಉತ್ತರ? ಇಂಟರಾಕ್ಟಿವ್ ಸಿನಿಮಾ ಮತ್ತು ಪಿಎಚ್‌ಡಿ

ಪ್ರಶ್ನೆ: ನಾನು ಮಂಗಳೂರಿನಲ್ಲಿ ಸಮೂಹ ಸಂವಹನದಲ್ಲಿ ಎಂ.ಎ. ಮುಗಿಸಿ, ಈಗ ಮದುವೆ ವಿಡಿಯೊಗಳ ಎಡಿಟಿಂಗ್ ಮಾಡುತ್ತಿದ್ದೇನೆ. ತಂದೆ ಹವ್ಯಾಸಿ ಅರ್ಥಧಾರಿ, ಅಂದರೆ ವೇಷ, ಕುಣಿತ ಇಲ್ಲದ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಕೂತು ಪಾತ್ರದ ಮಾತನ್ನು ಆಶುವಾಗಿ ಹೇಳುವವರು. ಅವರು ಅರ್ಥ ಹೇಳಿದ, ಕೇಳಿದ ತಾಳಮದ್ದಳೆ ಕೂಟಗಳ ಮೂವತ್ತಕ್ಕೂ ಹೆಚ್ಚು ಕ್ಯಾಸೆಟ್ ಮನೆಯಲ್ಲಿವೆ. ನೋಡುವವರೇ ಕತೆಯ ದಾರಿ ಆರಿಸುವಂಥ ಇಂಟರಾಕ್ಟಿವ್ ಸಿನಿಮಾ ಮಾಡಿ, ಅದರ ಮೇಲೆಯೇ ಪಿಎಚ್‌ಡಿ ಮಾಡಬೇಕು ಅಂತ ಆಸೆ. ಆದರೆ ನಾನು ವಿಚಾರಿಸಿದ ಪ್ರಾಧ್ಯಾಪಕರೊಬ್ಬರು 'ಸಿನಿಮಾ ಮಾಡುವುದು ಸಂಶೋಧನೆ ಅಲ್ಲ' ಎಂದರು. ನಿಜವೇ? ನನಗೆ ಕೋಡಿಂಗ್ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಆ ಪ್ರಾಧ್ಯಾಪಕರು ಹೇಳಿದ್ದು ಅರ್ಧ ಸರಿ. ಸಿನಿಮಾ ಮಾಡಿದ ಮಾತ್ರಕ್ಕೆ ಅದು ಸಂಶೋಧನೆ ಆಗುವುದಿಲ್ಲ. ಪತ್ರೊಡೆ ಮಾಡುವವರೆಲ್ಲ ಪತ್ರೊಡೆಯ ಸಂಶೋಧಕರಲ್ಲ, ಅಲ್ವಾ? ಆದರೆ ಒಬ್ಬರು ಹುಣಸೆಹುಳಿಯ ಅಳತೆಯನ್ನು ಪ್ರತಿ ಸಲ ಸ್ವಲ್ಪ ಬದಲಿಸುತ್ತಾರೆ ಅಂದುಕೊಳ್ಳಿ. ಎಷ್ಟು ಹಾಕಿದಾಗ ಕೆಸುವಿನ ತುರಿಕೆ ಹೋಯಿತು, ಎಷ್ಟಕ್ಕೆ ರುಚಿ ಕೆಟ್ಟಿತು ಅಂತ ಬರೆದಿಡುತ್ತಾರೆ. ಹತ್ತು ಮನೆಯವರಿಗೆ ತಿನ್ನಿಸಿ ಕೇಳುತ್ತಾರೆ. ಆಗ ಅದು ಸಂಶೋಧನೆ. ಅಡುಗೆ ಮಾಡದೆ ಆ ಉತ್ತರ ಸಿಗುತ್ತಲೂ ಇರಲಿಲ್ಲ. ನಿಮ್ಮ ವಿಷಯದಲ್ಲೂ ಇಷ್ಟೇ. ಮಾಡಿ ನೋಡದೆ ಉತ್ತರ ಸಿಗದಂಥ ಒಂದು ಪ್ರಶ್ನೆ ನಿಮ್ಮ ಕೈಯಲ್ಲಿದ್ದರೆ, ಸಿನಿಮಾ ಮಾಡುವುದೇ ಸಂಶೋಧನೆಯ ವಿಧಾನ ಆಗುತ್ತದೆ.

ಇದು ನನ್ನ ಸ್ವಂತ ವಾದ ಅಲ್ಲ. ಬ್ರಿಟನ್ನಿನ ಕ್ರಿಸ್ಟೋಫರ್ ಫ್ರೇಲಿಂಗ್ 1993ರಲ್ಲಿ ಕಲೆ ಮತ್ತು ಸಂಶೋಧನೆಯ ನಂಟನ್ನು ಮೂರು ಬಗೆಯಾಗಿ ವಿಂಗಡಿಸಿದರು. ಕಲೆಯ ಬಗ್ಗೆ ಸಂಶೋಧನೆ ಒಂದು. ಕಲೆಯನ್ನು ಮಾಡುವುದರ ಮೂಲಕ ಸಂಶೋಧನೆ ಇನ್ನೊಂದು. ಕಲಾಕೃತಿ ತಯಾರಿಸಲಿಕ್ಕೆ ಬೇಕಾಗಿ ಮಾಡುವ ಹುಡುಕಾಟ ಮೂರನೆಯದು. ನಿಮ್ಮ ತಂದೆ ಕೂಟಕ್ಕೆ ಹೋಗುವ ಮುಂಚೆ ಪುರಾಣ ತಿರುವಿ ಹಾಕುತ್ತಾರಲ್ಲ, ಅದು ಮೂರನೆಯ ಬಗೆ. ನಿಮಗೆ ಬೇಕಾದದ್ದು ಎರಡನೆಯದು. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಈ ಬಗೆಯ ಪಿಎಚ್‌ಡಿ ಹೊಸದಲ್ಲ. ಒಂದು ಕೃತಿ, ಅದರ ಜೊತೆಗೆ ಒಂದು ಬರಹ, ಎರಡನ್ನೂ ಸೇರಿಸಿ ಒಪ್ಪಿಸುತ್ತಾರೆ.

ಹಾಗಾದರೆ ನಿಮ್ಮ ಪ್ರಶ್ನೆ ಯಾವುದು? ಪತ್ರದಲ್ಲಿ ನೀವು ಅದನ್ನು ಬರೆದಿಲ್ಲ. 'ನೋಡುವವರೇ ಕತೆಯ ದಾರಿ ಆರಿಸುವ ಸಿನಿಮಾ' ಅನ್ನುವುದು ಆಸೆ, ಪ್ರಶ್ನೆ ಅಲ್ಲ. ಆದರೆ ನಿಮ್ಮ ಪ್ರಶ್ನೆ ಆ ಕ್ಯಾಸೆಟ್‌ಗಳಲ್ಲೇ ಕೂತಿದೆ ಅಂತ ನನಗೆ ಅನಿಸುತ್ತದೆ. ಅದಕ್ಕೆ ಬರುವ ಮುಂಚೆ ಈ ಮಾಧ್ಯಮದ ಕತೆ ಸ್ವಲ್ಪ ಹೇಳುತ್ತೇನೆ.

1967ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ವಿಶ್ವ ಪ್ರದರ್ಶನ ನಡೆಯಿತು. ಅಲ್ಲಿ ಚೆಕೊಸ್ಲೊವಾಕಿಯಾದವರ ಮಂಟಪದಲ್ಲಿ ಕಿನೊಆಟೊಮ್ಯಾಟ್ ಎಂಬ ಸಿನಿಮಾ ತೋರಿಸಿದರು. ಅದರ ಹಿಂದಿದ್ದವರು ರಾದುಜ್ ಚಿಂಚೆರಾ. ಪ್ರತಿ ಕುರ್ಚಿಗೆ ಒಂದು ಕೆಂಪು, ಒಂದು ಹಸಿರು ಗುಂಡಿ. ಕತೆ ಒಂದು ಘಟ್ಟಕ್ಕೆ ಬಂದಾಗ ಸಿನಿಮಾ ನಿಲ್ಲುತ್ತದೆ. ವೇದಿಕೆಗೆ ಒಬ್ಬರು ಬಂದು ಪ್ರೇಕ್ಷಕರನ್ನು ಕೇಳುತ್ತಾರೆ: ಮುಂದೇನು? ಮೊದಲನೆಯ ಪ್ರಶ್ನೆ ಹೀಗೆ. ಪಕ್ಕದ ಮನೆಯ ಹೆಂಗಸು ಟವೆಲ್ ಸುತ್ತಿಕೊಂಡು ಬಾಗಿಲ ಹೊರಗೆ ಸಿಕ್ಕಿಹಾಕಿಕೊಂಡಿದ್ದಾಳೆ. ನಾಯಕ ಅವಳನ್ನು ತನ್ನ ಮನೆಯೊಳಗೆ ಕರೆಯಬೇಕೋ, ಬೇಡವೋ? ಜನ ಗುಂಡಿ ಒತ್ತುತ್ತಾರೆ. ಜಾಸ್ತಿ ಮತ ಬಿದ್ದ ಕಡೆಗೆ ಕತೆ ಹೋಗುತ್ತದೆ.

ಈಗ ಅದರ ಒಳಗುಟ್ಟು ಕೇಳಿ. ಮನೆಗೆ ಬೆಂಕಿ ಬಿದ್ದ ದೃಶ್ಯದಿಂದ ಸಿನಿಮಾ ಶುರುವಾಗುತ್ತದೆ. ನೀವು ಏನೇ ಆರಿಸಿ, ಕೊನೆಗೆ ಮನೆ ಸುಡುತ್ತದೆ. ಎರಡು ಪ್ರೊಜೆಕ್ಟರ್ ಇದ್ದವು. ಎರಡರಲ್ಲಿ ಯಾವುದು ತೆರೆಗೆ ಬೀಳಬೇಕು ಅನ್ನುವುದಷ್ಟೇ ಆಯ್ಕೆ. ಪ್ರತಿ ಸಲ ದಾರಿ ಎರಡಾಗಿ, ಸ್ವಲ್ಪ ಮುಂದೆ ಹೋಗಿ ಮತ್ತೆ ಒಂದೇ ಆಗುತ್ತಿತ್ತು. ಇದನ್ನು ತಿಳಿದ ತುಂಬಾ ಜನ 'ಅಯ್ಯೋ, ಮೋಸ' ಅನ್ನುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಅಷ್ಟು ಮತ ಹಾಕಿದರೂ ಮನೆ ಸುಟ್ಟಿತು ಅನ್ನುವುದೇ ಆ ಸಿನಿಮಾ ಹೇಳುವ ಮಾತು. ಆಯ್ಕೆ ಕೊನೆಯನ್ನು ಬದಲಿಸಲಿಲ್ಲ. ಕೊನೆಯ ಅರ್ಥವನ್ನು ಬದಲಿಸಿತು.

ಮತ್ತೆ ಒಂದಾಗುವ ದಾರಿ ಯಾಕೆ ಬೇಕು ಅಂತ ತಿಳಿಯಲು ಒಂದು ಲೆಕ್ಕ ಮಾಡಿ ನೋಡಿ. ಹತ್ತು ಕಡೆ ಆಯ್ಕೆ, ಪ್ರತಿ ಸಲ ಎರಡು ದಾರಿ, ದಾರಿಗಳು ಎಲ್ಲೂ ಕೂಡುವುದಿಲ್ಲ ಅಂದುಕೊಳ್ಳಿ. ಕೊನೆಗಳೇ 1,024 ಆಗುತ್ತವೆ. ಶುರುವಿನದ್ದೂ ಸೇರಿ ನೀವು ಚಿತ್ರೀಕರಿಸಬೇಕಾದ ತುಣುಕುಗಳು 2,047. ಒಂದೊಂದೂ ಒಂದೇ ನಿಮಿಷದ್ದು ಅಂದರೂ 34 ಗಂಟೆಯ ಸಿನಿಮಾ. ನೋಡುವವರು ಅದರಲ್ಲಿ ನೋಡುವುದು ಬರೀ 11 ನಿಮಿಷ! ಪ್ರತಿ ಆಯ್ಕೆಯ ನಂತರ ಎರಡೂ ದಾರಿ ಒಂದೇ ಕಡೆ ಬಂದು ಸೇರುವ ಹಾಗೆ ಮಾಡಿದರೆ 21 ತುಣುಕು ಸಾಕು. ನೋಡುವ ಹೊತ್ತು ಆಗಲೂ 11 ನಿಮಿಷವೇ. ಹೊಸದಾಗಿ ಈ ಕೆಲಸಕ್ಕೆ ಇಳಿದವರು ಸೋಲುವುದು ಜಾಸ್ತಿ ಇಲ್ಲೇ. ಕವಲುಗಳನ್ನು ಬೆಳೆಸುತ್ತಾ ಹೋಗುತ್ತಾರೆ. ಮೂರನೆಯ ಕವಲು ದಾಟುವಷ್ಟರಲ್ಲಿ ದುಡ್ಡು, ನಟರ ತಾಳ್ಮೆ, ಮಳೆ ಇಲ್ಲದ ದಿನ ಎಲ್ಲ ಮುಗಿದಿರುತ್ತದೆ.

ದಾರಿ ಕೂಡಿದರೂ ಆಯ್ಕೆ ವ್ಯರ್ಥವಾಗದ ಹಾಗೆ ಮಾಡುವುದಕ್ಕೆ ಒಂದು ಉಪಾಯ ಇದೆ. ನೋಡುವವರು ಹಿಂದೆ ಏನು ಆರಿಸಿದ್ದರು ಅಂತ ಸಿನಿಮಾ ನೆನಪಿಟ್ಟುಕೊಳ್ಳಬೇಕು. ನೆಟ್‌ಫ್ಲಿಕ್ಸ್ 2018ರ ಡಿಸೆಂಬರ್‌ನಲ್ಲಿ ಬಿಟ್ಟ ಬ್ಯಾಂಡರ್‌ಸ್ನ್ಯಾಚ್ ಎಂಬ ಇಂಟರಾಕ್ಟಿವ್ ಸಿನಿಮಾದಲ್ಲಿ ಮೊದಲನೆಯ ಆಯ್ಕೆ ಬೆಳಗಿನ ತಿಂಡಿಗೆ ಯಾವ ಡಬ್ಬಿ ತೆಗೆಯಬೇಕು ಅನ್ನುವುದು. ಅದರಿಂದ ಕತೆಗೆ ಏನೂ ಆಗುವುದಿಲ್ಲ. ಆದರೆ ಮುಂದೆ ಒಂದು ಕಡೆ ಟೀವಿಯಲ್ಲಿ ಜಾಹೀರಾತು ಬರುತ್ತದೆ, ನೀವು ಆರಿಸಿದ ಡಬ್ಬಿಯದೇ. 'ಓ, ಇದು ನನ್ನನ್ನು ಗಮನಿಸುತ್ತಾ ಇತ್ತು' ಅಂತ ಬೆನ್ನು ನೆಟ್ಟಗಾಗುತ್ತದೆ. ಅಷ್ಟು ಸಣ್ಣ ನೆನಪಿಗೆ ಅಷ್ಟು ದೊಡ್ಡ ಪರಿಣಾಮ.

ಈಗ ನಿಮ್ಮ ಕ್ಯಾಸೆಟ್‌ಗಳಿಗೆ ಬರೋಣ.

ವಾಲಿ ವಧೆ ಪ್ರಸಂಗ ತೆಗೆದುಕೊಳ್ಳಿ. ವಾಲಿ ಸಾಯುತ್ತಾನೆ ಅಂತ ಕೂಟಕ್ಕೆ ಬಂದ ಮಕ್ಕಳಿಗೂ ಗೊತ್ತು. ಭಾಗವತರು ಹಾಡುವ ಪದ್ಯಗಳೂ ಬಹುಮಟ್ಟಿಗೆ ಅವೇ. ಆದರೂ ಜನ ರಾತ್ರಿ ನಿದ್ದೆ ಬಿಟ್ಟು ಕೂರುತ್ತಾರೆ. ಯಾಕೆ? ಎದೆಗೆ ಬಾಣ ನಾಟಿಸಿಕೊಂಡು ಬಿದ್ದ ವಾಲಿ, 'ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ?' ಅಂತ ಕೇಳಿದಾಗ, ಇವತ್ತಿನ ರಾಮ ಏನು ಹೇಳುತ್ತಾನೆ ಅಂತ ಯಾರಿಗೂ ಗೊತ್ತಿಲ್ಲ. ಎದುರು ಕೂತ ರಾಮನ ಅರ್ಥಧಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ವಾಲಿ ಹೇಗೆ ಕೇಳುತ್ತಾನೆ ಅನ್ನುವುದರ ಮೇಲೆ ಅದು ನಿಂತಿದೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರನ್ನು ವಿಚಾರಿಸಿ. ಅವರು ಕತೆ ಹೇಳುವುದಿಲ್ಲ, ಮಾತು ಹೇಳುತ್ತಾರೆ.

ರಾಮಾಯಣದಲ್ಲೇ ರಾಮನಿಗೆ ಬೇರೆ ಬೇರೆ ಉತ್ತರ ಇವೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಇದೇ ಶಿಕ್ಷೆ ಅನ್ನುವುದು ಒಂದು. ಈ ಭೂಮಿಯೆಲ್ಲ ಭರತನ ಆಳ್ವಿಕೆಯದು, ನಾನು ಅವನ ಪರವಾಗಿ ದಂಡಿಸಿದೆ ಅನ್ನುವುದು ಇನ್ನೊಂದು. ನೀನು ಕಪಿ, ಬೇಟೆಯಲ್ಲಿ ಮರೆಯಿಂದ ಹೊಡೆಯುವುದು ರಾಜರಿಗೆ ತಪ್ಪಲ್ಲ ಅನ್ನುವುದು ಮತ್ತೊಂದು. ಮೂರು ಉತ್ತರ, ಮೂರು ಬೇರೆ ರಾಮ. ಮೂರನೆಯದನ್ನು ಕೇಳಿದ ವಾಲಿ ಸಾಯುವ ರೀತಿಯೇ ಬೇರೆ. ಸಾವು ಮಾತ್ರ ಒಂದೇ.

ಮಾಂಟ್ರಿಯಲ್‌ನಲ್ಲಿ ಸುಟ್ಟ ಮನೆ ನೆನಪಾಯಿತಾ?

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇದನ್ನು ಓದಿ 'ನಮ್ಮ ತಾಳಮದ್ದಳೆ ಆಗಲೇ ಇಂಟರಾಕ್ಟಿವ್ ಆಗಿತ್ತು' ಅಂತ ಪ್ರಬಂಧ ಬರೆಯಲು ಹೊರಡಬೇಡಿ. ಇಂಥ ಪ್ರಬಂಧಗಳನ್ನು ನಾನು ತುಂಬಾ ಓದಿದ್ದೇನೆ. ಕೇಳಲು ಹೆಮ್ಮೆ ಅನಿಸುತ್ತದೆ, ಆದರೆ ಅದರಿಂದ ಯಾರಿಗೂ ಹೊಸದೇನೂ ತಿಳಿಯುವುದಿಲ್ಲ. ತಾಳಮದ್ದಳೆಯಲ್ಲಿ ಪ್ರೇಕ್ಷಕರು ದಾರಿ ಆರಿಸುವುದಿಲ್ಲ. ಆರಿಸುವುದು ಅರ್ಥಧಾರಿಗಳು, ಎದುರಿನವರ ಮಾತಿಗೆ ತಕ್ಕ ಹಾಗೆ, ಆ ಕ್ಷಣಕ್ಕೆ. ಸಿನಿಮಾದಲ್ಲಿ ಮಾತು ಮೊದಲೇ ಚಿತ್ರಿತವಾಗಿ ಕೂತಿರುತ್ತದೆ. ಅದಕ್ಕೆ ಕಿವಿ ಇಲ್ಲ. ಎರಡರ ನಡುವೆ ಇರುವ ಈ ಕಂದಕವೇ ನಿಮ್ಮ ಸಂಶೋಧನೆಯ ಜಾಗ. ಮೊದಲೇ ರೆಕಾರ್ಡ್ ಮಾಡಿಟ್ಟ ಮಾತುಗಳನ್ನು ಹೇಗೆ ಜೋಡಿಸಿದರೆ, ಒಂದು ಇನ್ನೊಂದಕ್ಕೆ ಆಗಷ್ಟೇ ಉತ್ತರ ಕೊಟ್ಟ ಹಾಗೆ ಕೇಳಿಸುತ್ತದೆ? ಎಲ್ಲಿ ಕೇಳಿಸುವುದಿಲ್ಲ? ಯಾಕೆ? ಇದು ಪ್ರಶ್ನೆ. ಪುಸ್ತಕ ಓದಿ ಇದಕ್ಕೆ ಉತ್ತರ ಸಿಗುವುದಿಲ್ಲ. ಮಾಡಿಯೇ ನೋಡಬೇಕು. ಆ ಪ್ರಾಧ್ಯಾಪಕರ ಮುಂದೆ ಇದನ್ನು ಇಡಿ, ಆಮೇಲೆ ಅವರು ಏನು ಹೇಳುತ್ತಾರೆ ನೋಡಿ.

ನಿಮ್ಮ ಕ್ಯಾಸೆಟ್‌ಗಳಲ್ಲಿ ಒಂದೇ ಪ್ರಸಂಗ ನಾಲ್ಕೈದು ಕೂಟಗಳದ್ದು ಇದ್ದೇ ಇರುತ್ತದೆ. ಒಂದೇ ಪದ್ಯಕ್ಕೆ ನಾಲ್ಕು ರಾಮರು ಹೇಳಿದ ಅರ್ಥವನ್ನು ಪಕ್ಕಪಕ್ಕ ಇಡಿ. ಈ ವಾಲಿಯ ಪ್ರಶ್ನೆಗೆ ಆ ರಾಮನ ಉತ್ತರ ಕೊಟ್ಟರೆ ಏನಾಗುತ್ತದೆ? ಕೆಲವು ಕಡೆ ಮೈ ಜುಮ್ಮೆನ್ನುವ ಹಾಗೆ ಕೂಡುತ್ತದೆ. ಕೆಲವು ಕಡೆ ಇಬ್ಬರೂ ಬೇರೆ ಬೇರೆ ಊರಿನಲ್ಲಿ ಕೂತು ಮಾತಾಡಿದ ಹಾಗೆ ಇರುತ್ತದೆ. ಆ ಎರಡನ್ನೂ ಪಟ್ಟಿ ಮಾಡಿ. ಕೂಡದೇ ಹೋದದ್ದರಿಂದಲೇ ನೀವು ಜಾಸ್ತಿ ಕಲಿಯುತ್ತೀರಿ.

ಇದಕ್ಕೆ ಕವಲು ದಾರಿಯ ಮಾದರಿಗಿಂತ ಇನ್ನೊಂದು ಮಾದರಿ ಒಗ್ಗುತ್ತದೆ. ಮಾಧ್ಯಮ ಚಿಂತಕ ಲೆವ್ ಮನೋವಿಚ್ 2001ರ ತಮ್ಮ ಪುಸ್ತಕದಲ್ಲಿ ಡೇಟಾಬೇಸ್ ಬಗ್ಗೆ ವಿವರವಾಗಿ ಬರೆದಿದ್ದಾರೆ. ಕತೆ ಒಂದು ಸರಪಳಿಯ ಹಾಗೆ, ಒಂದಾದ ಮೇಲೆ ಒಂದು. ಡೇಟಾಬೇಸ್ ಒಂದು ಪೆಟ್ಟಿಗೆಯ ಹಾಗೆ, ಯಾವುದನ್ನು ಯಾವಾಗ ಬೇಕಾದರೂ ತೆಗೆಯಬಹುದು. ಬರ್ಲಿನ್‌ನ ಫ್ಲೋರಿಯಾನ್ ಥಾಲ್‌ಹೋಫರ್ 2000ದಲ್ಲಿ ಕೊರ್ಸಾಕೊ ಅನ್ನುವ ಸಾಫ್ಟ್‌ವೇರ್ ಮಾಡಿದ್ದು ಇಂಥ ಕೆಲಸಕ್ಕಾಗಿಯೇ. ಅದರಲ್ಲಿ ತುಣುಕುಗಳ ನಡುವೆ ಗೆರೆ ಎಳೆಯುವುದಿಲ್ಲ. ಪ್ರತಿ ತುಣುಕಿಗೆ ಗುರುತಿನ ಪದಗಳನ್ನು ಅಂಟಿಸುತ್ತಾರೆ. 'ನಾನು ಇಂಥದ್ದು, ನನ್ನ ನಂತರ ಇಂಥದ್ದು ಬರಬಹುದು' ಅಂತ. ಒಂದು ತುಣುಕು ನಡೆಯುವಾಗ ಅದಕ್ಕೆ ಹೊಂದುವ ಬೇರೆ ತುಣುಕುಗಳು ಪಕ್ಕದಲ್ಲಿ ಕಾಣಿಸುತ್ತವೆ. ನಿಮ್ಮ ಗುರುತಿನ ಪದಗಳು 'ಕೋಪ', 'ವ್ಯಂಗ್ಯ', 'ಶಾಸ್ತ್ರದ ಮಾತು', 'ತಮ್ಮನ ವಿಷಯ' ಅಂತ ಇರಬಹುದು. ಈ ಪದಗಳನ್ನು ನೀವೊಬ್ಬರೇ ಕೂತು ಬರೆಯಬೇಡಿ. ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದು ಮಾತಿಗೆ ಅವರು ಯಾವ ಹೆಸರು ಕೊಡುತ್ತಾರೆ, ನೀವು ಯಾವುದು ಕೊಡುತ್ತೀರಿ ಅನ್ನುವ ವ್ಯತ್ಯಾಸವೇ ಒಂದು ಅಧ್ಯಾಯ ಆಗುತ್ತದೆ.

ನಮ್ಮ ಜಿಲ್ಲೆಯಲ್ಲೇ ಇಂಥ ಯೋಚನೆಗೆ ಒಂದು ದೊಡ್ಡ ಆಧಾರ ಇದೆ. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ, ನಮ್ಮ ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆ ಸೇರಿ, 1990ರಲ್ಲಿ ಗೋಪಾಲ ನಾಯ್ಕರು ತುಳುವಿನಲ್ಲಿ ಹಾಡಿದ ಸಿರಿ ಕಾವ್ಯವನ್ನು ದಾಖಲಿಸಿದರು. 15,683 ಸಾಲು. 1998ರಲ್ಲಿ ಅದು ಪುಸ್ತಕವಾಗಿ ಬಂತು. ಇಷ್ಟು ಸಾಲು ಗೋಪಾಲ ನಾಯ್ಕರಿಗೆ ಬಾಯಿಪಾಠ ಇತ್ತೇ? ಹಾಂಕೊ ಹೇಳುವುದು ಬೇರೆಯೇ. ಹಾಡುಗಾರನ ಮನಸ್ಸಿನಲ್ಲಿ ಇರುವುದು ಒಂದು ಗಟ್ಟಿಯಾದ ಪಠ್ಯ ಅಲ್ಲ. ಕತೆಯ ಎಳೆಗಳು, ದೃಶ್ಯಗಳು, ಹಿಗ್ಗಿಸಬಹುದಾದ, ಕುಗ್ಗಿಸಬಹುದಾದ ಭಾಗಗಳು. ಎಲ್ಲಿ ಹಾಡುತ್ತಾನೆ, ಯಾರ ಮುಂದೆ, ಎಷ್ಟು ಹೊತ್ತಿದೆ ಅನ್ನುವುದಕ್ಕೆ ತಕ್ಕ ಹಾಗೆ ಅವು ಕಾವ್ಯವಾಗಿ ಹೊರಬರುತ್ತವೆ. ಇದನ್ನು ಅವರು ಮನೋಪಠ್ಯ ಅನ್ನುವ ಅರ್ಥದ ಹೆಸರಿನಿಂದ ಕರೆದರು. ಮಾಧ್ಯಮ ವಿಭಾಗದಲ್ಲಿ ಓದಿದವರು ಇದನ್ನು ಓದಿರುವುದಿಲ್ಲ, ಜಾನಪದದವರು ಡೇಟಾಬೇಸ್ ಸಿನಿಮಾ ಬಗ್ಗೆ ಓದಿರುವುದಿಲ್ಲ. ನೀವು ಎರಡನ್ನೂ ಓದಿ. ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಇದೆ. ಕು.ಶಿ. ಹರಿದಾಸ ಭಟ್ಟರು ಕಟ್ಟಿದ್ದು. ಒಂದು ದಿನ ಅಲ್ಲಿಗೆ ಹೋಗಿ ಮಾತಾಡಿಸಿ ಬನ್ನಿ.

ಇನ್ನು ಗುಂಡಿಯ ವಿಷಯ. ನನಗೆ ಇದರಲ್ಲಿ ಕಣ್ಣು ತೆರೆಸಿದ್ದು ಒಂದು ಸಂಜೆ. ತುಂಬಾ ವರ್ಷಗಳ ಹಿಂದೆ ನಾವು ಕೆಲವರು ಮಲ್ಪೆ ಬಂದರಿನ ಮೇಲೆ ಒಂದು ಇಂಟರಾಕ್ಟಿವ್ ಸಾಕ್ಷ್ಯಚಿತ್ರ ಮಾಡಿದ್ದೆವು. ಬುಟ್ಟಿಯಲ್ಲಿ ಬಂಗುಡೆ ಇಟ್ಟುಕೊಂಡ ಹೆಂಗಸು ಕ್ಯಾಮೆರಾ ನೋಡಿ ರೇಟು ಹೇಳುತ್ತಾಳೆ. ಕೆಳಗೆ ಎರಡು ಗುಂಡಿ. ಮೊದಲು ನಾವು 'ಹೌದು', 'ಇಲ್ಲ' ಅಂತ ಬರೆದಿದ್ದೆವು. ಆಮೇಲೆ ಅದನ್ನು ತುಳುವಿನಲ್ಲಿ 'ಬೋಡು' (ಬೇಕು), 'ಬೊಡ್ಚಿ' (ಬೇಡ) ಅಂತ ಬದಲಿಸಿದೆವು. ಅಷ್ಟಕ್ಕೇ ನೋಡುವವರ ಮುಖದಲ್ಲಿ ನಗು ಬಂತು. ಮಾರುಕಟ್ಟೆಯಲ್ಲಿ ಯಾರೂ 'ಇಲ್ಲ' ಅನ್ನುವುದಿಲ್ಲ, 'ಬೊಡ್ಚಿ' ಅನ್ನುತ್ತಾರೆ.

ಅದನ್ನು ಉಡುಪಿಯ ಒಂದು ಮನೆಯಲ್ಲಿ ತೋರಿಸಿದೆವು. ಒಂದು ಫೋನು, ಸುತ್ತ ಐದು ಜನ. ಫೋನು ಇದ್ದದ್ದು ಮೊಮ್ಮಗಳ ಕೈಯಲ್ಲಿ. ಪಕ್ಕದಲ್ಲಿ ಅಜ್ಜಿ. ಅವರು ತುಂಬಾ ವರ್ಷ ಮೀನು ಮಾರಿದವರು. ಗುಂಡಿಗಳು ಬಂದಾಗ ಎಲ್ಲರೂ ಅಜ್ಜಿಯ ಮುಖ ನೋಡಿದರು. ಅಜ್ಜಿ ಯಾವುದನ್ನೂ ಒತ್ತಲು ಹೇಳಲಿಲ್ಲ. ಫೋನಿನಲ್ಲಿದ್ದ ಹೆಂಗಸಿಗೆ ಉತ್ತರ ಕೊಡಲು ಶುರು ಮಾಡಿದರು. ಆ ರೇಟಿಗೆ ಯಾರು ತಗೊಳ್ಳುತ್ತಾರೆ, ಐಸಿನ ಮೀನು ಅಂತ ಕಣ್ಣು ನೋಡಿದರೇ ಗೊತ್ತಾಗುತ್ತದೆ, ಹೀಗೆ. ಹೊತ್ತು ಮುಗಿಯಿತು, ಸಿನಿಮಾ ತಾನೇ ಒಂದು ದಾರಿ ಹಿಡಿಯಿತು. ಅಜ್ಜಿ ಇನ್ನೂ ಮಾತಾಡುತ್ತಲೇ ಇದ್ದರು.

ಆವತ್ತು ನನಗೆ ಬೇಸರ ಆಗಿತ್ತು, ನಮ್ಮ ವಿನ್ಯಾಸ ಸೋತಿತು ಅಂತ. ಈಗ ಅನಿಸುವುದು ಬೇರೆ. ಅಜ್ಜಿ ಅರ್ಥ ಹೇಳುತ್ತಿದ್ದರು. ಅವರ ಪಾಲಿಗೆ ಒಳಗೊಳ್ಳುವುದು ಅಂದರೆ ಎದುರು ಮಾತಾಡುವುದು, ಬೆರಳಿನಿಂದ ಮುಟ್ಟುವುದಲ್ಲ. ಒಂದು ಫೋನು, ಒಬ್ಬ ನೋಡುಗ ಅಂತ ಹೊರಗಿನ ಸಾಫ್ಟ್‌ವೇರ್‌ಗಳು ಅಂದುಕೊಂಡಿರುತ್ತವೆ. ನಮ್ಮ ಮನೆಗಳಲ್ಲಿ ಹಾಗಿಲ್ಲ. ಯಾರ ಕೈಯಲ್ಲಿ ಫೋನು, ಯಾರ ಬಾಯಲ್ಲಿ ಮಾತು, ಕೊನೆಗೆ ಯಾರ ಆಯ್ಕೆ ಗೆಲ್ಲುತ್ತದೆ, ಇವನ್ನು ನೀವು ನೋಡಿ ಬರೆದರೆ ಅದು ಇಲ್ಲಿಯವರೇ ಕೊಡಬಹುದಾದ ತಿಳಿವಳಿಕೆ.

ಕೋಡಿಂಗ್ ಬಗ್ಗೆ ಹೆದರಬೇಡಿ. ಮೊದಲ ತಿಂಗಳು ಕಂಪ್ಯೂಟರೇ ಬೇಡ. ಹಳೆ ಮದುವೆ ಕಾಗದಗಳ ಹಿಂಬದಿ ಖಾಲಿ ಇರುತ್ತದಲ್ಲ, ಅದನ್ನು ಕತ್ತರಿಸಿ ಚೀಟಿ ಮಾಡಿ. ಒಂದು ತುಣುಕಿಗೆ ಒಂದು ಚೀಟಿ. ಚಾವಡಿಯ ನೆಲದ ಮೇಲೆ ಹರಡಿ, ನೂಲಿನಿಂದ ದಾರಿ ಎಳೆಯಿರಿ. ಹಾರಿ ಹೋಗದ ಹಾಗೆ ಚೀಟಿ ಮೇಲೆ ಒಂದೊಂದು ಅಡಿಕೆ ಇಡಿ. ಮನೆಗೆ ಬಂದವರನ್ನು ಕೂರಿಸಿ, ಒಂದೊಂದೇ ಚೀಟಿ ಓದಿ ಹೇಳಿ, ಮುಂದೆ ಯಾವುದು ಅಂತ ಕೇಳಿ. ಎಲ್ಲಿ ಅವರಿಗೆ ಆರಿಸಲು ಮನಸ್ಸೇ ಬರುವುದಿಲ್ಲವೋ ಅಲ್ಲಿ ನಿಮ್ಮ ಆಯ್ಕೆ ಸತ್ತಿದೆ ಅಂತ ಅರ್ಥ. ಅದನ್ನು ತೆಗೆದು ಹಾಕಿ.

ಆಮೇಲೆ ಟ್ವೈನ್. ಕ್ರಿಸ್ ಕ್ಲಿಮಸ್ 2009ರಲ್ಲಿ ಬಿಟ್ಟ ಸಾಫ್ಟ್‌ವೇರ್ ಅದು. ಪೂರ್ತಿ ಉಚಿತ, ಬ್ರೌಸರ್‌ನಲ್ಲೇ ನಡೆಯುತ್ತದೆ. ಪರದೆಯ ಮೇಲೆ ಚೌಕಗಳು, ನಡುವೆ ಬಾಣಗಳು, ನೆಲದ ಮೇಲೆ ಮಾಡಿದ್ದೇ ಇಲ್ಲೂ. ಬ್ಯಾಂಡರ್‌ಸ್ನ್ಯಾಚ್ ಬರೆದ ಚಾರ್ಲಿ ಬ್ರೂಕರ್ ಕೂಡ ಕತೆ ಜೋಡಿಸಲು ಇದನ್ನೇ ಬಳಸಿದ್ದರು. ಕನ್ನಡ ಅಕ್ಷರ ಸರಿಯಾಗಿ ಬರುತ್ತದೆ. ನೆನಪಿಟ್ಟುಕೊಳ್ಳುವ ಕೆಲಸಕ್ಕೆ ಒಂದೆರಡು ಸಾಲಿನ ಆಜ್ಞೆ ಕಲಿತರೆ ಸಾಕು. ವಿಡಿಯೊ ಸೇರಿಸಲು ಇನ್ನೊಂದು ಸಾಲು. ಎಡಿಟಿಂಗ್ ಗೊತ್ತಿರುವ ನಿಮಗೆ ಒಂದು ವಾರದ ಕೆಲಸ. ಎರಡು ವಿಷಯ ಮಾತ್ರ ಮರೆಯಬೇಡಿ. ಗುಂಡಿ ಬಂದಾಗ ಚಿತ್ರ ನಿಲ್ಲಬಾರದು, ಪಾತ್ರ ಉಸಿರಾಡುತ್ತಾ ಕಾಯುತ್ತಿರಬೇಕು. ಅದಕ್ಕೆ ಬೇಕಾದ ಹತ್ತು ಹನ್ನೆರಡು ಸೆಕೆಂಡಿನ ಸುಮ್ನೆ ಕೂತ ಶಾಟ್ ಚಿತ್ರೀಕರಣದ ದಿನವೇ ತೆಗೆದಿಡಿ. ಆಮೇಲೆ ಸಿಗುವುದಿಲ್ಲ. ಇನ್ನೊಂದು, ಮುಂದಿನ ಎರಡೂ ತುಣುಕು ಮೊದಲೇ ಲೋಡ್ ಆಗಿರಬೇಕು. ಆರಿಸಿದ ಮೇಲೆ ಚಕ್ರ ತಿರುಗುತ್ತಾ ನಿಂತರೆ, ವಾಲಿ ಕೇಳಿದ ಪ್ರಶ್ನೆಯ ಬಿಸಿ ಆರಿಹೋಗುತ್ತದೆ.

ಮಾಡುವಾಗ ದಿನಚರಿ ಬರೆಯಿರಿ. ತಾರೀಕು ಹಾಕಿ. ಇವತ್ತು ಏನು ಬದಲಿಸಿದೆ, ಯಾಕೆ, ಬದಲಿಸುವ ಮುಂಚೆ ಏನು ನಿರೀಕ್ಷೆ ಇತ್ತು, ಆಮೇಲೆ ಏನಾಯಿತು. ಬಿಸಾಡಿದ ಆವೃತ್ತಿಗಳನ್ನು ಅಳಿಸಬೇಡಿ, ನಂಬರ್ ಹಾಕಿ ಇಡಿ. ಹತ್ತು ಜನ ನೋಡುಗರಿಗೆ ತೋರಿಸುವಾಗ ಅವರ ಒಪ್ಪಿಗೆ ಬರೆಸಿಕೊಂಡು, ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿ. ನಿಮ್ಮ ಸಿನಿಮಾ ಎಷ್ಟೇ ಚೆನ್ನಾಗಿರಲಿ, ಪರೀಕ್ಷಕರ ಮುಂದೆ ಅದನ್ನು ಸಂಶೋಧನೆ ಅಂತ ನಿಲ್ಲಿಸುವುದು ಈ ದಿನಚರಿಯೇ. ಇದನ್ನು ಕೊನೆಯ ವರ್ಷದಲ್ಲಿ ನೆನಪಿನಿಂದ ಬರೆಯಲು ಹೊರಟವರ ಪ್ರಬಂಧ ಓದಿದರೆ ತಕ್ಷಣ ಗೊತ್ತಾಗುತ್ತದೆ. ಎಲ್ಲವೂ ಮೊದಲೇ ಯೋಚಿಸಿದ್ದ ಹಾಗೆ, ಎಲ್ಲೂ ಎಡವದ ಹಾಗೆ ಇರುತ್ತದೆ.

ಪಿಎಚ್‌ಡಿ ನಿಯಮದ ಬಗ್ಗೆ ಚಿಕ್ಕದಾಗಿ. ಯುಜಿಸಿಯ 2022ರ ನಿಯಮದ ಪ್ರಕಾರ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಬರೆದ ಪ್ರಬಂಧ ಹೇಗಿದ್ದರೂ ಬೇಕು. ಕೃತಿಯನ್ನು ಅದರ ಭಾಗವಾಗಿ ಎಣಿಸುತ್ತಾರೋ, ಬರೀ ಅನುಬಂಧ ಅನ್ನುತ್ತಾರೋ ಅನ್ನುವುದನ್ನು ಸೇರುವ ಮುಂಚೆಯೇ ಕೇಳಿ, ಸಿನಾಪ್ಸಿಸ್‌ನಲ್ಲೇ ಬರೆಸಿಕೊಳ್ಳಿ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ ಇರಲಿ, ಮಣಿಪಾಲದ ವಿಶ್ವವಿದ್ಯಾಲಯ ಇರಲಿ, ವಿಭಾಗದ ಹೆಸರಿಗಿಂತ ಮಾರ್ಗದರ್ಶಕರು ಮುಖ್ಯ. ಮಾಧ್ಯಮದವರೊಬ್ಬರು, ಯಕ್ಷಗಾನ ಅಥವಾ ಜಾನಪದ ಬಲ್ಲವರೊಬ್ಬರು ಸಹ ಮಾರ್ಗದರ್ಶಕರಾಗಿ ಸಿಕ್ಕರೆ ನಿಮ್ಮ ಅದೃಷ್ಟ.

ಹಕ್ಕಿನ ವಿಷಯವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಕ್ಯಾಸೆಟ್ ನಿಮ್ಮ ಮನೆಯದು, ಧ್ವನಿ ಅವರದು. ಬದುಕಿರುವ ಅರ್ಥಧಾರಿಗಳನ್ನು ಖುದ್ದಾಗಿ ಭೇಟಿ ಮಾಡಿ. ತೀರಿಕೊಂಡವರ ಮನೆಯವರನ್ನು ಕೇಳಿ. ಅವರ ಮಾತನ್ನು ಬೇರೆಯವರ ಪ್ರಶ್ನೆಗೆ ಉತ್ತರವಾಗಿ ಜೋಡಿಸುತ್ತೀರಿ ಅನ್ನುವುದನ್ನು ಮುಚ್ಚಿಡದೆ ಹೇಳಿ. ಯಾರಾದರೂ ಬೇಡ ಅಂದರೆ ಬೇಡ. ದೈವದ ಕೋಲ, ಅಲ್ಲಿ ದೈವ ಕೊಡುವ ನುಡಿ ಇಂಥವನ್ನು ಗುಂಡಿ ಒತ್ತುವ ಆಟಕ್ಕೆ ತರಬೇಡಿ ಅಂತ ನನ್ನ ಕಳಕಳಿಯ ಮಾತು. ತಾಳಮದ್ದಳೆ ವಾದದ ಕಲೆ, ಅದು ಈ ಪ್ರಯೋಗವನ್ನು ತಡೆದುಕೊಳ್ಳುತ್ತದೆ. ಕೋಲದಲ್ಲಿ ನಡೆಯುವುದು ಬೇರೆ, ಅದಕ್ಕೆ ಜನರ ನಂಬಿಕೆ ಇದೆ.

ಆ ಮಲ್ಪೆಯ ಸಾಕ್ಷ್ಯಚಿತ್ರ ಈಗ ಎಲ್ಲಿದೆ ಅಂತ ಕೇಳುತ್ತೀರಾ? ಎಲ್ಲೂ ಇಲ್ಲ. ಅದನ್ನು ನಾವು ಫ್ಲ್ಯಾಶ್ ಎಂಬ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದೆವು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು. ಜಗತ್ತಿನ ಎಷ್ಟೋ ವೆಬ್ ಸಾಕ್ಷ್ಯಚಿತ್ರಗಳ ಜೊತೆ ನಮ್ಮದೂ ಹೋಯಿತು. ಮೂಲ ವಿಡಿಯೊಗಳು ಒಬ್ಬರ ಹಾರ್ಡ್ ಡಿಸ್ಕ್‌ನಲ್ಲಿ ಉಳಿದಿವೆ. ಆದರೆ ಯಾವುದರ ನಂತರ ಯಾವುದು ಬರುತ್ತಿತ್ತು ಅನ್ನುವ ಜೋಡಣೆ ನಮ್ಮ ಯಾರ ಬಳಿಯೂ ಇಲ್ಲ. ಬೋಡು, ಬೊಡ್ಚಿ ಗುಂಡಿಗಳೂ ಇಲ್ಲ. ದೊಡ್ಡವರ ಕತೆಯೂ ಇದೇ. 2025ರ ಮೇ ತಿಂಗಳಲ್ಲಿ ನೆಟ್‌ಫ್ಲಿಕ್ಸ್ ಬ್ಯಾಂಡರ್‌ಸ್ನ್ಯಾಚನ್ನೇ ತೆಗೆದು ಹಾಕಿತು. ಹಾಗಾಗಿ ಮೂರು ಕೆಲಸ ಮೊದಲ ದಿನದಿಂದ ಮಾಡಿ. ಮೂಲ ತುಣುಕುಗಳನ್ನು ಬೇರೆಯಾಗಿ ಇಡಿ. ಜೋಡಣೆಯನ್ನು ಸಾದಾ ಪಠ್ಯದ ಕಡತದಲ್ಲಿ ಬರೆದಿಡಿ. ಒಬ್ಬ ನೋಡುಗ ಶುರುವಿನಿಂದ ಕೊನೆಯ ತನಕ ನೋಡುವುದನ್ನು, ಅವರ ಮಾತೂ ಕೇಳುವ ಹಾಗೆ, ವಿಡಿಯೊ ಮಾಡಿಡಿ. ಕೃತಿ ಹೋದರೂ ಅದು ಹೇಗೆ ನಡೆಯುತ್ತಿತ್ತು ಅನ್ನುವ ಸಾಕ್ಷಿ ಉಳಿಯುತ್ತದೆ. 2008ರಲ್ಲಿ ಶುರುವಾದ ಪ್ಯಾಡ್‌.ಮಾ ಎಂಬ ಆನ್‌ಲೈನ್ ಸಂಗ್ರಹವನ್ನೂ ನೋಡಿ. ಮುಗಿದ ಸಿನಿಮಾಗಳಿಗಿಂತ ಚಿತ್ರೀಕರಿಸಿದ ಕಚ್ಚಾ ದೃಶ್ಯಗಳೇ ಅಲ್ಲಿ ಜಾಸ್ತಿ. ಪ್ರತಿಯೊಂದರ ಪಕ್ಕ ಟಿಪ್ಪಣಿ ಇರುತ್ತದೆ.

ಎಲ್ಲಕ್ಕಿಂತ ಮೊದಲು ಕ್ಯಾಸೆಟ್‌ಗಳು. ನಮ್ಮ ಕರಾವಳಿಯ ತೇವಕ್ಕೆ ಟೇಪಿನ ಮೇಲೆ ಬಿಳಿ ಬೂಷ್ಟು ಹಿಡಿಯುತ್ತದೆ. ಇವತ್ತೇ ಪೆಟ್ಟಿಗೆ ತೆರೆದು, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಬೂಷ್ಟು ಹಿಡಿದದ್ದನ್ನು ಬೇರೆ ಇಡಿ, ಅದನ್ನು ಒಳ್ಳೆಯ ಟೇಪ್ ರೆಕಾರ್ಡರ್‌ಗೆ ಹಾಕಬೇಡಿ, ಹೆಡ್‌ಗೆ ಹತ್ತಿ ಬೇರೆ ಕ್ಯಾಸೆಟ್‌ಗಳಿಗೂ ದಾಟುತ್ತದೆ. ಟೇಪಿನ ಹಿಂದೆ ಇರುವ ಪುಟ್ಟ ಸ್ಪಂಜಿನ ತುಂಡು ಬಿದ್ದು ಹೋಗಿದ್ದರೆ ಧ್ವನಿ ಮಂಕಾಗುತ್ತದೆ, ಆ ಟೇಪನ್ನು ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಬದಲಿಸಬಹುದು. ಎಂಪಿ3 ಬೇಡ, ವೇವ್ ಕಡತವಾಗಿ, 24 ಬಿಟ್, 48 ಕಿಲೊಹರ್ಟ್ಸ್‌ನಲ್ಲಿ ತೆಗೆದಿಡಿ. ಎರಡು ಹಾರ್ಡ್ ಡಿಸ್ಕ್, ಎರಡು ಬೇರೆ ಮನೆಯಲ್ಲಿ. ಹೊರಗಿನ ಚೀಟಿಯಲ್ಲಿ ತಂದೆಯವರು ಬರೆದಿರುವ ಊರು, ತಾರೀಕು, ಭಾಗವತರ ಹೆಸರು ಇದೆಯಲ್ಲ, ಅದರ ಫೋಟೊ ತೆಗೆಯಿರಿ. ಚೀಟಿ ಇಲ್ಲದ ಕ್ಯಾಸೆಟ್ ಹಾಕಿದಾಗ ತಂದೆಯವರು ಪಕ್ಕದಲ್ಲಿರಲಿ. ಮೊದಲ ಪದ್ಯ ಮುಗಿಯುವ ಮುಂಚೆಯೇ ಅದು ಯಾವ ಊರಿನ ಕೂಟ, ಮದ್ದಳೆಗೆ ಯಾರು ಕೂತಿದ್ದರು ಅಂತ ಅವರು ಹೇಳಿಬಿಡಬಹುದು. ಆಗ ರೆಕಾರ್ಡರ್ ಆನ್ ಆಗಿರಲಿ. ಜೂನ್ ಬರುವ ಮುಂಚೆ ಇಷ್ಟು ಮುಗಿಸಿ.